ಹಳೆಯ ಪದ್ಮಿನಿಯ ಬಣ್ಣ ಮತ್ತು ಅಡಿಯ ಡಾಂಬರು

ಪ್ರಶ್ನೆ: ಮೂಡಿಗೆರೆ ಬಳಿಯ ನಮ್ಮ ತೋಟದ ಶೆಡ್ಡಿನಲ್ಲಿ ತಂದೆಯವರು ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರು ಹಲವು ವರ್ಷಗಳಿಂದ ನಿಂತಿದೆ. ಬಾಡಿಯನ್ನು ಹಾಸನಕ್ಕೆ ಸಾಗಿಸಿ ಸ್ಯಾಂಡ್‌ಬ್ಲಾಸ್ಟಿಂಗ್ (ಗಾಳಿಯ ಒತ್ತಡದಿಂದ ಮರಳು ಹೊಡೆಯುವುದು) ಮಾಡಿಸಿದರೆ ಬಣ್ಣವೂ ಅಡಿಭಾಗದ ಡಾಂಬರು ಲೇಪವೂ ಒಟ್ಟಿಗೇ ಹೋಗುತ್ತವೆ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಮುಗಿಸಬಹುದೇ?

ಉತ್ತರ: ಬಣ್ಣ ಹೋಗುತ್ತದೆ, ಡಾಂಬರು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಗಡುಸಾದ ಬಣ್ಣವನ್ನು ಚೂರು ಮಾಡುವ ಮರಳಿನ ಕಣಗಳು ಮೆತ್ತನೆಯ ಲೇಪಕ್ಕೆ ಬಡಿದು ಪುಟಿಯುತ್ತವೆ, ಇಲ್ಲವೇ ಅದರಲ್ಲೇ ಹೂತುಕೊಳ್ಳುತ್ತವೆ. ಬಾನೆಟ್, ಟಾಪು, ಬಾಗಿಲುಗಳಂಥ ಅಗಲವಾದ ತೆಳು ತಗಡಿಗೆ ಹೆಚ್ಚು ಒತ್ತಡದಲ್ಲಿ ಮರಳು ಹೊಡೆದರಂತೂ ಏಟು ಬಿದ್ದ ಮೇಲ್ಮೈ ಹಿಗ್ಗಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದನ್ನು ಸಮ ಮಾಡುವುದು ಪಳಗಿದ ಟಿಂಕರಿಂಗ್ ಕೆಲಸಗಾರನಿಗೂ ಕಷ್ಟ. ಬ್ಲಾಸ್ಟಿಂಗನ್ನು ಚಕ್ರದ ರಿಮ್, ಸಸ್ಪೆನ್ಷನ್ ತೋಳುಗಳಂಥ ದಪ್ಪ ಭಾಗಗಳಿಗೆ ಇಟ್ಟುಕೊಳ್ಳಿ.

ಮೊದಲು ತೆಗೆಯಬೇಕಾದದ್ದು ಡಾಂಬರು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಪೈಪು, ವೈರಿಂಗ್, ಒಳಗಿನ ಮ್ಯಾಟು ಎಲ್ಲವನ್ನೂ ಬಿಚ್ಚಿದ ಮೇಲಷ್ಟೇ ಹಾಟ್ ಏರ್ ಗನ್ ಕೈಗೆತ್ತಿಕೊಳ್ಳಿ. ಅಂಗೈ ಅಗಲದ ಜಾಗವನ್ನು, ಲೇಪಕ್ಕೆ ಹೊಳಪೇರಿ ಅದು ಬಿಸಿಲಿಗಿಟ್ಟ ಬೆಲ್ಲದಂತೆ ಸಡಿಲಾಗುವವರೆಗೆ ಕಾಯಿಸಿ ಪುಟ್ಟಿ ಬ್ಲೇಡಿನಿಂದ ಹೆರೆದರೆ ಸುರುಳಿಯಾಗಿ ಏಳುತ್ತದೆ. ಹೊಗೆ ಬಂದರೆ ಕಾವು ಹೆಚ್ಚಾಗಿದೆ ಎಂದರ್ಥ. ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ ತಿಕ್ಕುವ ಆತುರ ಬೇಡ, ಡಾಂಬರು ಕರಗಿ ಬ್ರಷ್ಷಿಗೂ ನಿಮ್ಮ ಮುಖಕ್ಕೂ ಮೆತ್ತಿಕೊಳ್ಳುತ್ತದೆ. ಉಳಿದ ಕಪ್ಪನ್ನು ತಗಡು ಪೂರ್ತಿ ತಣ್ಣಗಾದ ನಂತರ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗಗಳಲ್ಲಿ ಲೇಪದ ಜೊತೆಗೇ ಕಂದು ಪದರಗಳು ಕಿತ್ತು ಬಂದರೆ, ಬಿರುಕಿನಿಂದ ಒಳಹೊಕ್ಕ ನೀರು ಅಲ್ಲೇ ಅಡಗಿ ತಗಡನ್ನು ತಿಂದಿದೆ ಎಂದು ತಿಳಿಯಿರಿ. ಪದ್ಮಿನಿಗೆ ಪ್ರತ್ಯೇಕ ಛಾಸಿ, ಅಂದರೆ ಅಡಿಯ ಚೌಕಟ್ಟು ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ಅಂಥ ಜಾಗಕ್ಕೆ ಪುಟ್ಟಿ ಮೆತ್ತದೆ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು.

ಮೇಲಿನ ಬಣ್ಣಕ್ಕೆ ಪೇಂಟ್ ರಿಮೂವರ್ ಸಾಕು. ಗಾಳಿಯಾಡುವ ಕಡೆ, ಕೈಗವಸು, ಕನ್ನಡಕ ಧರಿಸಿ ದಪ್ಪವಾಗಿ ಹಚ್ಚಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಹೆರೆಯಿರಿ. ಬಾಗಿಲಿನ ಮಡಿಚಿದ ಅಂಚಿಗೆ ಮಾತ್ರ ಅದನ್ನು ತಾಗಿಸಬೇಡಿ. ಮಡಿಕೆಯೊಳಗೆ ಇಳಿದದ್ದು ಮುಂದೊಂದು ದಿನ ಒಸರಿ ಹೊಸ ಬಣ್ಣವನ್ನೂ ಎಬ್ಬಿಸುತ್ತದೆ. ಅಲ್ಲಿ ನೀರು ಹಾಕಿಕೊಂಡು ಸ್ಯಾಂಡ್‌ಪೇಪರ್ ಉಜ್ಜಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಧೂಳು ಏಳಿಸುವುದು ಒಳ್ಳೆಯದಲ್ಲ.

ಮಳೆಗಾಲಕ್ಕೆ ಮುಂಚೆ ಮುಗಿಸುವ ಹಟ ಬಿಡಿ. ಮಲೆನಾಡಿನ ತೇವದಲ್ಲಿ ಬರಿ ತಗಡು ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಸಂಜೆಯೊಳಗೆ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಅಡಿಬಣ್ಣ) ಹೊಡೆಯಲು ಸಾಧ್ಯವಾಗುವಷ್ಟು ಜಾಗದ ಬಣ್ಣವನ್ನು ಮಾತ್ರ ದಿನಕ್ಕೆ ತೆಗೆಯಿರಿ. ಅಲ್ಲಿಯವರೆಗೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಜರುಗಿಸುತ್ತ ಹೋಗಿ. ಅದು ಅಂಟದ ಕಡೆ ಹಳೆಯ ಪುಟ್ಟಿ ದಪ್ಪವಾಗಿ ಕೂತಿರುತ್ತದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ.