ಟೆಸ್ಲಾ ಕಾಯಿಲ್‌ನಲ್ಲಿ ಸೆಕೆಂಡರಿ ಸುತ್ತು ಹೆಚ್ಚಿಸಿದರೆ ಕಿಡಿ ಉದ್ದವಾಗುತ್ತದೆಯೇ?

ಹಳೆಯ ನಿಯಾನ್ ಬೋರ್ಡಿನ 15 ಕೆವಿ, 30 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ, ಸೆಕೆಂಡರಿಗೆ (ಕಿಡಿ ಹೊರಡುವ ಎತ್ತರದ ಸುರುಳಿಗೆ) ನಾಲ್ಕಿಂಚಿನ ಪಿವಿಸಿ ಪೈಪಿನ ಮೇಲೆ ಸಣ್ಣ ತಂತಿಯಲ್ಲಿ 3000 ಸುತ್ತು ಹಾಕಿದರೆ ವೋಲ್ಟೇಜ್ ಇನ್ನೂ ಏರುತ್ತದಲ್ಲವೇ ಎಂದು ಕೇಳಿದ್ದೀರಿ. ಏರುವುದಿಲ್ಲ. 880ರ ಆಸುಪಾಸಿಗೆ ನಿಲ್ಲಿಸಿ.

ಸುತ್ತಿನ ಅನುಪಾತದ ಲೆಕ್ಕ ನಡೆಯುವುದು ಕಬ್ಬಿಣದ ಕೋರ್ ಇರುವ ಟ್ರಾನ್ಸ್‌ಫಾರ್ಮರಿನಲ್ಲಿ. ಅಲ್ಲಿ ಪ್ರೈಮರಿಯ (ಕರೆಂಟು ಕೊಡುವ ಸುರುಳಿಯ) ಕಾಂತಕ್ಷೇತ್ರ ಹೆಚ್ಚುಕಡಿಮೆ ಪೂರ್ತಿ ಸೆಕೆಂಡರಿಗೆ ತಲುಪುತ್ತದೆ. ಟೆಸ್ಲಾ ಕಾಯಿಲ್‌ನಲ್ಲಿ ತಲುಪುವುದು ಅದರ ಸಣ್ಣ ಪಾಲು, ಕಪ್ಲಿಂಗ್ 0.1ರಿಂದ 0.2ರ ಒಳಗೆ. ಇಲ್ಲಿ ಕೆಲಸ ಮಾಡುವುದು ಅನುರಣನ, ಅಂದರೆ ಎರಡೂ ಕಡೆಯನ್ನು ಒಂದೇ ಆವರ್ತನಕ್ಕೆ ಹೊಂದಿಸುವುದು. ಪ್ರೈಮರಿ ಕೆಪಾಸಿಟರ್ ಚಾರ್ಜ್ ಆಗುತ್ತದೆ, ಸ್ಪಾರ್ಕ್ ಗ್ಯಾಪ್ (ಎರಡು ಲೋಹದ ತುದಿಗಳ ನಡುವಿನ ಸಂದು) ಕಿಡಿ ಹೊಡೆಯುತ್ತದೆ, ಆ ಶಕ್ತಿ ಕೆಲವೇ ಆಂದೋಲನಗಳಲ್ಲಿ ಸೆಕೆಂಡರಿಗೆ ದಾಟಿ ಮೇಲಿರುವ ಟಾಪ್‌ಲೋಡ್‌ನ (ತುದಿಯಲ್ಲಿ ಕೂರಿಸುವ ಲೋಹದ ಉಂಗುರದ) ಪುಟ್ಟ ಕೆಪಾಸಿಟೆನ್ಸ್‌ನಲ್ಲಿ ಕೂರುತ್ತದೆ. ದೊಡ್ಡ ಕೆಪಾಸಿಟರಿನಲ್ಲಿದ್ದ ಅಷ್ಟೂ ಶಕ್ತಿ ಚಿಕ್ಕದರಲ್ಲಿ ಹಿಡಿಯಬೇಕಾದರೆ ವೋಲ್ಟೇಜ್ ಏರಲೇಬೇಕು. ಎಷ್ಟು ಪಟ್ಟು? ಪ್ರೈಮರಿ ಕೆಪಾಸಿಟೆನ್ಸನ್ನು ಸೆಕೆಂಡರಿಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವಷ್ಟು. ಈ ಸೂತ್ರದಲ್ಲಿ ಸುತ್ತಿನ ಸಂಖ್ಯೆಗೆ ಜಾಗವೇ ಇಲ್ಲ ನೋಡಿ.

ನಿಮ್ಮ ಸಾಮಾನಿಗೇ ಲೆಕ್ಕ ಹಾಕೋಣ. 110 ಮಿ.ಮೀ. ಪೈಪು, ಎತ್ತರ ವ್ಯಾಸದ ನಾಲ್ಕು ಪಟ್ಟು, ಅಂದರೆ 44 ಸೆಂ.ಮೀ. ಸುತ್ತುವ ಜಾಗ. 26 ಗೇಜ್ ತಂತಿ ಎನಾಮಲ್ ಸೇರಿ ಸುಮಾರು ಅರ್ಧ ಮಿ.ಮೀ. ಹಾಗಾಗಿ 880 ಸುತ್ತು. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಗೇಜ್ ಅಂದರೆ ಬ್ರಿಟಿಷ್ ಗೇಜ್, 26 ಅಂದರೆ 0.457 ಮಿ.ಮೀ. ಅಮೆರಿಕದವರ ಪಟ್ಟಿಯ 26 ಇನ್ನೂ ತೆಳು, 0.405. ತಂತಿ ಸುಮಾರು 305 ಮೀಟರ್ ಬೇಕು, ತೂಕದಲ್ಲಿ 450 ಗ್ರಾಂ. ಅಂಗಡಿಯವರು ತೂಕದ ಮೇಲೆಯೇ ಕೊಡುವುದು. ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚೇ ತನ್ನಿ, ಮಧ್ಯದಲ್ಲಿ ಬೆಸುಗೆ ಬೇಡ.

ವೀಲರ್ 1928ರಲ್ಲಿ ರೇಡಿಯೋ ಕಾಯಿಲ್‌ಗಳಿಗೆಂದು ಕೊಟ್ಟ ಸೂತ್ರದಂತೆ ಇದರ ಇಂಡಕ್ಟೆನ್ಸ್ 19 ಮಿಲಿಹೆನ್ರಿ. ಮೆಡ್‌ಹರ್ಸ್ಟ್ 1947ರಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ ಕಾಯಿಲ್‌ನ ಸ್ವಂತ ಕೆಪಾಸಿಟೆನ್ಸ್ 8 ಪಿಕೋಫ್ಯಾರಡ್. ನಾಲ್ಕಿಂಚಿನ ಅಲ್ಯೂಮಿನಿಯಂ ಡಕ್ಟ್ ಪೈಪನ್ನು (ಅಡುಗೆಮನೆ ಚಿಮಣಿಗೆ ಹಾಕುವ ಜಾತಿಯದು) 35 ಸೆಂ.ಮೀ. ವ್ಯಾಸದ ಉಂಗುರ ಮಾಡಿ ಮೇಲೆ ಕೂರಿಸಿದರೆ ಇನ್ನೊಂದು 15. ಒಂದು ಇನ್ನೊಂದನ್ನು ಸ್ವಲ್ಪ ಮರೆಮಾಡುವುದರಿಂದ ಒಟ್ಟು 22 ಅಂತ ಇಟ್ಟುಕೊಳ್ಳಿ. ಆವರ್ತನ 245 ಕಿಲೋಹರ್ಟ್ಸ್ ಸಮೀಪ.

ಪ್ರೈಮರಿ ಕೆಪಾಸಿಟರ್ 10 ನ್ಯಾನೋಫ್ಯಾರಡ್ ಅಂದುಕೊಂಡರೆ ಮೇಲಿನ ಅನುಪಾತ 21 ಪಟ್ಟು. 15 ಕೆವಿಯ ಶಿಖರ 21 ಕೆವಿ, ಹಾಗಾಗಿ ನಷ್ಟವೇ ಇಲ್ಲದಿದ್ದರೆ ಸುಮಾರು 450 ಕೆವಿ. ಗ್ಯಾಪಿನಲ್ಲಿ ಹೋಗುವುದು, ಕಿಡಿ ಹೊರಟ ಕೂಡಲೇ ಸೋರುವುದು ಎಲ್ಲ ಕಳೆದರೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಸುತ್ತಿನ ಅನುಪಾತ ನಂಬಿದ್ದರೆ (ಪ್ರೈಮರಿ 11 ಸುತ್ತು, ಹಾಗಾಗಿ 80 ಪಟ್ಟು) 17 ಲಕ್ಷ ವೋಲ್ಟ್ ಬರಬೇಕಿತ್ತು. ಯೂಟ್ಯೂಬ್ ವಿಡಿಯೋಗಳ ತಲೆಬರಹದಲ್ಲಿ ಕಾಣುವ ಮಿಲಿಯನ್‌ಗಳ ಮೂಲ ಬಹುತೇಕ ಇದೇ.

ಈಗ ನಿಮ್ಮ 3000 ಸುತ್ತು. ಅದೇ 44 ಸೆಂ.ಮೀ.ಯಲ್ಲಿ ಹಿಡಿಸಲು 0.125 ಮಿ.ಮೀ. ತಂತಿ ಬೇಕು. 880 ಸುತ್ತಿನ ಕಾಯಿಲ್‌ಗೆ ಮೀಟರ್ ಹಿಡಿದರೆ 32 ಓಮ್ ತೋರಿಸುತ್ತದೆ, ಇದಕ್ಕೆ ಹೆಚ್ಚುಕಡಿಮೆ 1500 ಓಮ್. ಆವರ್ತನ 72 ಕಿಲೋಹರ್ಟ್ಸಿಗೆ ಇಳಿಯುತ್ತದೆ, ಅದಕ್ಕೆ ಹೊಂದಲು ಪ್ರೈಮರಿಯ ಇಂಡಕ್ಟೆನ್ಸ್ ಹನ್ನೊಂದು ಪಟ್ಟಿಗೂ ಮೀರಿ ಬೇಕು. ಸುತ್ತುವಾಗ ತಂತಿ ಕಿತ್ತುಹೋಗುವ ಕಾಟ ಬೇರೆ.

ದುಡ್ಡು ಮತ್ತು ತಲೆ ಖರ್ಚು ಮಾಡಬೇಕಾದದ್ದು ಕೆಪಾಸಿಟರಿಗೆ. ನಿಮ್ಮ ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸ್ 15,000ವನ್ನು 0.03ರಿಂದ ಭಾಗಿಸಿದರೆ 5 ಲಕ್ಷ ಓಮ್. ನಮ್ಮ 50 ಹರ್ಟ್ಸಿಗೆ ಅದಕ್ಕೆ ಸರಿಹೊಂದುವ ಕೆಪಾಸಿಟರ್ 6.4 ನ್ಯಾನೋಫ್ಯಾರಡ್. ಇಂಟರ್ನೆಟ್ಟಿನಲ್ಲಿ ಕಾಣುವ 5.3 ಅಮೆರಿಕದ 60 ಹರ್ಟ್ಸ್ ಲೆಕ್ಕ, ಕಣ್ಣುಮುಚ್ಚಿ ನಕಲು ಮಾಡಬೇಡಿ. ಆದರೆ ಸರಿಯಾಗಿ 6.4 ಹಾಕುವುದೂ ಬೇಡ. ಅಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ 50 ಹರ್ಟ್ಸಿನಲ್ಲೇ ಅನುರಣಿಸುತ್ತವೆ. ಗ್ಯಾಪ್ ತುಸು ಅಗಲವಾಗಿದ್ದರೂ ವೋಲ್ಟೇಜ್ ಏರುತ್ತಾ ಹೋಗಿ ಟಾರಿನೊಳಗೆ ಹೂತ ಸೆಕೆಂಡರಿ ಸುಟ್ಟುಹೋಗುತ್ತದೆ, ಮತ್ತೆ ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ. ಒಂದೂವರೆ ಪಟ್ಟು ಹಾಕಿ, ಅಂದರೆ 10ರ ಹತ್ತಿರ. 0.15 ಮೈಕ್ರೋಫ್ಯಾರಡ್, 2000 ವೋಲ್ಟಿನ ಪಾಲಿಪ್ರೊಪಿಲೀನ್ ಪಲ್ಸ್ ಕೆಪಾಸಿಟರ್ 15 ತೆಗೆದುಕೊಂಡು ಸಾಲಾಗಿ ಸರಣಿಯಲ್ಲಿ ಬೆಸೆದರೆ 10 ನ್ಯಾನೋಫ್ಯಾರಡ್, 30 ಕೆವಿ. ಪ್ರತಿಯೊಂದರ ಮೇಲೂ 10 ಮೆಗಾಓಮ್ ರೆಸಿಸ್ಟರ್ ಅಡ್ಡಹಾಕಿ, ಆಫ್ ಮಾಡಿದ ಮೇಲೆ ಚಾರ್ಜ್ ಇಳಿಯಲಿ. ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಜೋಡಿಸುವ ಯೋಚನೆ ಬಂದರೆ ಬಿಟ್ಟುಬಿಡಿ, ಈ ಕರೆಂಟಿನ ಹೊಡೆತಕ್ಕೆ ಅವು ಮಾಡಿದವಲ್ಲ. ಟ್ರಾನ್ಸ್‌ಫಾರ್ಮರಿನ ಎರಡು ಟರ್ಮಿನಲ್ ನಡುವೆ ಪ್ರತ್ಯೇಕ ಸೇಫ್ಟಿ ಗ್ಯಾಪ್ ಇರಲೇಬೇಕು.

ಪ್ರೈಮರಿಗೆ ಎಸಿ ಮೆಕ್ಯಾನಿಕ್‌ಗಳ ಕಾಲಿಂಚಿನ ತಾಮ್ರದ ಪೈಪು ಸಾಕು. ಚಪ್ಪಟೆ ಸುರುಳಿ, ಒಳಗಿನ ತ್ರಿಜ್ಯ 8.5 ಸೆಂ.ಮೀ., ಸುತ್ತಿನಿಂದ ಸುತ್ತಿಗೆ 12.5 ಮಿ.ಮೀ. ಬೇಕಾದ 42 ಮೈಕ್ರೋಹೆನ್ರಿ ಹನ್ನೊಂದನೇ ಸುತ್ತಿನ ಹತ್ತಿರ ಸಿಗುತ್ತದೆ. ನೀವು 14 ಸುತ್ತಿ. ಕಿಡಿ ಹೊರಟಾಗ ಅದೂ ಟಾಪ್‌ಲೋಡಿಗೆ ಒಂದಿಷ್ಟು ಕೆಪಾಸಿಟೆನ್ಸ್ ಸೇರಿಸಿ ಆವರ್ತನ ಇಳಿಸುತ್ತದೆ, ಹಾಗಾಗಿ ಟ್ಯಾಪ್ (ಪ್ರೈಮರಿಗೆ ತಂತಿ ಕಚ್ಚಿಸುವ ಜಾಗ) ಯಾವಾಗಲೂ ಲೆಕ್ಕಕ್ಕಿಂತ ಹೊರಗೇ ಹೋಗುತ್ತದೆ.

ಸೆಕೆಂಡರಿ ಸುತ್ತುವ ಮೊದಲು ಪೈಪಿನ ಮೇಲಿನ ಅಚ್ಚಿನ ಅಕ್ಷರಗಳನ್ನು ಉಜ್ಜುಕಾಗದದಿಂದ ತೆಗೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ತಂತಿಯ ತುದಿ ಸಿಕ್ಕಿಸಲು ಪೈಪಿಗೆ ತೂತು ಕೊರೆಯುವವರಿದ್ದಾರೆ. ಕೊರೆದರೆ ಕಿಡಿ ಒಳಗಿನಿಂದಲೇ ಹರಿದು ಪೈಪಿನ ಗೋಡೆಯಲ್ಲಿ ಕಪ್ಪು ದಾರಿ ಮಾಡಿಕೊಳ್ಳುತ್ತದೆ. ತುದಿಯನ್ನು ಹೊರಗೇ ಟೇಪಿನಿಂದ ಹಿಡಿಸಿ. ವಾರ್ನಿಷ್ ತೆಳ್ಳಗೆ ಹಲವು ಸಲ ಬಳಿದು, ಒಣಗುವವರೆಗೆ ಪೈಪನ್ನು ತಿರುಗಿಸುತ್ತಲೇ ಇರಿ, ಇಲ್ಲದಿದ್ದರೆ ಒಂದೇ ಕಡೆ ಸೋರಿ ಗಂಟುಕಟ್ಟುತ್ತದೆ.

ಕಾಯಿಲ್‌ನ ಕೆಳತುದಿಯನ್ನು ಮನೆಯ ಅರ್ಥಿಂಗಿಗೆ ಜೋಡಿಸಲೇಬೇಡಿ. ಆ ತಂತಿ ಮನೆಯ ಎಲ್ಲ ಸಾಕೆಟ್ಟಿಗೂ ಹೋಗಿರುತ್ತದೆ, ಟಿವಿ, ವೈಫೈ ರೂಟರ್ ಎಲ್ಲವೂ ಬಲಿ. ಹೊರಗೆ ತೇವದ ಮಣ್ಣಿನಲ್ಲಿ ಬೇರೆಯೇ ರಾಡ್ ಹೊಡೆದು, ದಪ್ಪ ಪಟ್ಟಿಯಿಂದ ಗಿಡ್ಡ ದಾರಿಯಲ್ಲಿ ಜೋಡಿಸಿ.

"ಹೈ ಫ್ರೀಕ್ವೆನ್ಸಿ ಕರೆಂಟು ಚರ್ಮದ ಮೇಲೇ ಹರಿಯುತ್ತದೆ, ಮುಟ್ಟಿದರೆ ಏನೂ ಆಗುವುದಿಲ್ಲ" ಎನ್ನುವವರ ಮಾತು ಕೇಳಬೇಡಿ. ತಾಮ್ರದಲ್ಲಿ ಅದು ನಿಜ. ಮನುಷ್ಯನ ದೇಹದಲ್ಲಿ ಈ ಆವರ್ತನದ ಕರೆಂಟು ಇಳಿಯಬಲ್ಲ ಆಳ ಒಂದು ಮೀಟರಿಗೂ ಹೆಚ್ಚು, ಅಂದರೆ ಇಡೀ ದೇಹ. ನೋವು ಗೊತ್ತಾಗದಿರುವುದು ನರಗಳು ಅಷ್ಟು ವೇಗಕ್ಕೆ ಸ್ಪಂದಿಸದೇ ಇರುವುದರಿಂದ. ಒಳಗೆ ಸುಡುವುದು ಸುಡುತ್ತಲೇ ಇರುತ್ತದೆ. ಪ್ರಾಣ ತೆಗೆಯುವುದು ಮಾತ್ರ ಸಾಮಾನ್ಯವಾಗಿ ಮೇಲಿನ ಕಿಡಿಯಲ್ಲ, ಕೆಳಗಿನ 50 ಹರ್ಟ್ಸ್ ಮತ್ತು 2 ಜೌಲ್ ತುಂಬಿಕೊಂಡ ಕೆಪಾಸಿಟರ್ ಸಾಲು. ಟ್ಯಾಪ್ ಬದಲಿಸುವ ಪ್ರತಿ ಸಲವೂ ಪ್ಲಗ್ ಕಿತ್ತು, ಉದ್ದ ಪಿವಿಸಿ ಕೋಲಿಗೆ ಕಟ್ಟಿದ ತಂತಿಯಿಂದ ಕೆಪಾಸಿಟರ್ ಶಾರ್ಟ್ ಮಾಡಿ, ಆಮೇಲೆ ಕೈ ಹಾಕಿ. ಪೇಸ್‌ಮೇಕರ್ ಇರುವವರು ಆ ಜಾಗದಲ್ಲೇ ಇರಕೂಡದು. ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಅಗ್ಗಕ್ಕೆ ಸಿಗುತ್ತದೆ ಅಂತ ಅದರ ಕಡೆ ಹೋಗಬೇಡಿ: 2 ಕೆವಿ, ಅರ್ಧ ಆಂಪಿಯರಿಗೂ ಮೇಲೆ, ಎರಡನೇ ಅವಕಾಶ ಕೊಡುವುದಿಲ್ಲ.

ಇನ್ನು ಕಿಡಿಯ ಉದ್ದ. ವಾಟ್‌ಗಳ ವರ್ಗಮೂಲಕ್ಕೆ 4.3 ಗುಣಿಸಿದರೆ ಸೆಂ.ಮೀ.ನಲ್ಲಿ ಬರುತ್ತದೆ ಎಂಬುದು ಕಾಯಿಲ್ ಕಟ್ಟುವವರ ಬಳಕೆಯ ಅಂದಾಜು. ನಿಮ್ಮ 450 ವಾಟಿಗೆ 90 ಸೆಂ.ಮೀ., ಅದೂ ಟ್ಯೂನಿಂಗ್ ಪಕ್ಕಾ ಇದ್ದಾಗ. ಮೊದಲು ಓಡಿಸಿದಾಗ ಒಂದು ಗೇಣು ಬಂದರೂ ಗಾಬರಿ ಬೇಡ, ಟ್ಯಾಪನ್ನು ಕಾಲು ಸುತ್ತಿನಂತೆ ಹೊರಗೆ ಸರಿಸುತ್ತಾ ನೋಡಿ. ಸೆಕೆಂಡರಿಯ ಮೈಮೇಲೆಯೇ ಕಿಡಿ ಓಡಾಡಿದರೆ ಕಪ್ಲಿಂಗ್ ಜಾಸ್ತಿಯಾಗಿದೆ ಎಂದರ್ಥ, ಕಾಯಿಲನ್ನು ಪ್ರೈಮರಿಯಿಂದ ಎರಡು ಸೆಂ.ಮೀ. ಮೇಲೆತ್ತಿ. ಟ್ಯಾಪ್ ಎಷ್ಟನೇ ಸುತ್ತಿನಲ್ಲಿ ನಿಂತಿತು, ಉಂಗುರದ ಅಳತೆ ಎಷ್ಟು ಎಂದು ಕೆಳಗೆ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.