ಬೆಕ್ಕಿನ ಮರಿಗಳಿಗೆ ತಾಯಿಯಾದ ಗೌರಿ

ಪ್ರಶ್ನೆ: ನಮ್ಮ ಐದು ವರ್ಷದ ಹೆಣ್ಣುನಾಯಿ ಗೌರಿ ಒಮ್ಮೆಯೂ ಮರಿ ಹಾಕಿಲ್ಲ. ಕೊಟ್ಟಿಗೆಯ ಅಟ್ಟದಲ್ಲಿ ತಾಯಿ ಸತ್ತು ಅನಾಥವಾದ, ಈಗಷ್ಟೇ ಕಣ್ಣುಬಿಟ್ಟ ಎರಡು ಬೆಕ್ಕಿನ ಮರಿಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನೆಕ್ಕುತ್ತಿದೆ. ಅದರ ಮೊಲೆಗಳಲ್ಲಿ ಹಾಲೂ ಕಾಣಿಸಿದೆ. ಕಳೆದ ವರ್ಷ ಅಜ್ಜ ತೀರಿಕೊಂಡಾಗಲೂ ಅದು ಅಜ್ಜಿಯ ಕಾಲಬುಡ ಬಿಟ್ಟು ಏಳುತ್ತಿರಲಿಲ್ಲ. ಇದು ಸಹಜವೇ? ಮರಿಗಳನ್ನು ಅದರ ಪಾಲಿಗೇ ಬಿಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಸಹಜವೇ. ಹಾಲಿನ ವಿಷಯವನ್ನು ಮೊದಲು ನೋಡೋಣ. ಬೆದೆ ಮುಗಿದ ಸುಮಾರು 6ರಿಂದ 8 ವಾರಗಳಲ್ಲಿ, ಗಬ್ಬವಾಗದ ನಾಯಿಯಲ್ಲೂ ಬಸಿರನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಇಳಿದು, ಹಾಲೂರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುವುದರಿಂದ, ಕೆಲವು ನಾಯಿಗಳು ಮೂಲೆಯಲ್ಲಿ ಹಾಸಿಗೆ ಕೆದಕಿ, ಚಪ್ಪಲಿಯನ್ನೋ ಬೊಂಬೆಯನ್ನೋ ಮರಿಯೆಂಬಂತೆ ಕಾಯುತ್ತವೆ, ಹಾಲನ್ನೂ ಇಳಿಸುತ್ತವೆ. ಇದನ್ನು ಹುಸಿ ಬಸಿರು ಎನ್ನುತ್ತೇವೆ. ಗೌರಿ ಬೆದೆಗೆ ಬಂದದ್ದು ಯಾವಾಗ ಎಂದು ನೆನಪಿಸಿಕೊಂಡರೆ ಲೆಕ್ಕ ಬಹುಶಃ ಹೊಂದಿಕೊಳ್ಳುತ್ತದೆ. ಮರಿಗಳು ಚೀಪುತ್ತಿರುವವರೆಗೆ ಹಾಲು ಬತ್ತುವುದು ತಡವಾಗುತ್ತದೆ. ಮೊಲೆ ಗಟ್ಟಿಯಾಗಿ ಬಿಸಿಯಾದರೆ, ಕೆಂಪಾದರೆ, ಅಥವಾ ಗೌರಿ ಅನ್ನ ಬಿಟ್ಟರೆ ಕೂಡಲೇ ಪಶುವೈದ್ಯರಿಗೆ ತೋರಿಸಿ. ಹಾಲನ್ನು ಕೈಯಿಂದ ಹಿಂಡಿ ತೆಗೆಯುವುದು ಬೇಡ. ಹಿಂಡಿದಷ್ಟೂ ಅದು ಮತ್ತೆ ಊರುತ್ತದೆ.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ 2003ರಲ್ಲಿ ಪೊಲೀಸರಿಗೆ ಷೆಡ್ಡೊಂದರಲ್ಲಿ ಹಸಿದು ಬಡಕಲಾದ ಗ್ರೇಹೌಂಡ್ ನಾಯಿಯೊಂದು ಸಿಕ್ಕಿತು. ನನೀಟನ್ ಪಟ್ಟಣದ ಪ್ರಾಣಿಧಾಮದಲ್ಲಿ ಅದಕ್ಕೆ ಜಾಸ್ಮಿನ್ ಎಂದು ಹೆಸರಿಟ್ಟು ಚೇತರಿಸಿದರು. ಮನುಷ್ಯರ ಕೈಯಲ್ಲಿ ಅಷ್ಟು ಪಾಡು ಪಟ್ಟಿದ್ದ ಆ ನಾಯಿ ಮುಂದೆ ಅಲ್ಲಿಗೆ ಬಂದ ನರಿಮರಿ, ಮೊಲ, ಕೋಳಿಮರಿಗಳನ್ನು ನೆಕ್ಕಿ ಸಂತೈಸಿತು; ಬ್ರ್ಯಾಂಬಲ್ ಎಂಬ ಜಿಂಕೆಮರಿಯಂತೂ ಅದರ ಕಾಲ ಸಂದಿಯಲ್ಲೇ ಓಡಾಡಿಕೊಂಡು ಬೆಳೆಯಿತು. ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಬ್ಲೇಕ್ಲಿ ಎಂಬ ಆಸ್ಟ್ರೇಲಿಯನ್ ಶೆಫರ್ಡ್ 2016ರಲ್ಲಿ ಚೀತಾ ಮರಿಗಳಿಗೂ ಮರುವರ್ಷ ಹುಲಿಮರಿಗಳಿಗೂ ಒಡನಾಡಿಯಾಯಿತು. ಅದು ಗಂಡುನಾಯಿ! ಹಾಲನ್ನು ಸಿಬ್ಬಂದಿ ಬಾಟಲಿಯಿಂದ ಕುಡಿಸುತ್ತಿದ್ದರು. ಮೈಯ ಬಿಸಿ, ಆಟ, ಅತಿಯಾದಾಗ ಒಂದು ಗದರಿಕೆ, ಇವು ಅದರ ಪಾಲಿನ ಕೆಲಸ.

ನಿಮ್ಮ ಮನೆಯಲ್ಲೂ ಕೆಲಸವನ್ನು ಹೀಗೆಯೇ ಹಂಚಿಕೊಳ್ಳಿ. ಈ ವಯಸ್ಸಿನ ಮರಿಗಳಿಗೆ ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳಲಾಗದು. ಹಿಂಭಾಗವನ್ನು ಯಾರಾದರೂ ನೆಕ್ಕದೆ, ಅಥವಾ ಒದ್ದೆ ಹತ್ತಿಯಿಂದ ಮೃದುವಾಗಿ ಒರೆಸದೆ, ಅವು ಸರಿಯಾಗಿ ಮಲಮೂತ್ರ ಮಾಡಲಾರವು. ಇವೆರಡನ್ನೂ ಗೌರಿ ನಿಮಗಿಂತ ಚೆನ್ನಾಗಿ ಮಾಡುತ್ತದೆ. ಹೊಟ್ಟೆಯ ಹೊಣೆ ಮಾತ್ರ ನಿಮ್ಮದು. ಹುಸಿ ಬಸಿರಿನ ಹಾಲು ಎರಡು ಮರಿಗಳಿಗೆ ಸಾಲುತ್ತದೆಂದು ನೆಚ್ಚಬೇಡಿ, ಹಸುವಿನ ಹಾಲಿನಲ್ಲಿ ಅವಕ್ಕೆ ಬೇಕಾದಷ್ಟು ಪ್ರೋಟೀನ್ ಇಲ್ಲ. ಬೆಕ್ಕಿನ ಮರಿಗಳಿಗೆಂದೇ ದೊರೆಯುವ ಹಾಲಿನ ಪುಡಿಯನ್ನು ಕಲಸಿ, ಉಗುರುಬೆಚ್ಚಗೆ, ಮೂರು ನಾಲ್ಕು ಗಂಟೆಗೊಮ್ಮೆ ರಾತ್ರಿಯೂ ಕುಡಿಸಬೇಕು. ಹಾಗೆ ಕುಡಿಸುವಾಗ ಮರಿ ಬೋರಲಾಗಿರಬೇಕೇ ಹೊರತು ಅಂಗಾತವಾಗಿ ಅಲ್ಲ, ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ: ದಿನಕ್ಕೆ ಸುಮಾರು 10 ಗ್ರಾಂ ಏರುತ್ತಿದ್ದರೆ ಚಿಂತೆಯಿಲ್ಲ. ಗೌರಿಯ ರೇಬೀಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮರಿಗಳ ಜಂತು, ಚಿಗಟಗಳಿಗೆ ಔಷಧವನ್ನು ವೈದ್ಯರನ್ನು ಕೇಳಿಯೇ ಕೊಡಿ, ಏಕೆಂದರೆ ನಾಯಿಯ ಚಿಗಟದ ಔಷಧಗಳಲ್ಲಿ ಕೆಲವು ಬೆಕ್ಕಿಗೆ ವಿಷ.

ಇನ್ನು ಅಜ್ಜಿಯ ಮಾತು. 2012ರಲ್ಲಿ ಲಂಡನ್ನಿನ ಸಂಶೋಧಕರಿಬ್ಬರು 18 ನಾಯಿಗಳ ಎದುರು ಅವುಗಳ ಯಜಮಾನರನ್ನೂ ಅಪರಿಚಿತರೊಬ್ಬರನ್ನೂ ಅಳುವಂತೆ ನಟಿಸಲು, ಮಾತನಾಡಲು, ಗುನುಗಲು ಹೇಳಿ ನೋಡಿದರು. ಗುನುಗಿದವರಿಗಿಂತ ಅತ್ತವರ ಬಳಿಗೇ ನಾಯಿಗಳು ಹೆಚ್ಚಾಗಿ ಬಂದವು, ಅತ್ತವರು ಅಪರಿಚಿತರಾಗಿದ್ದಾಗಲೂ. ದುಃಖವೆಂಬುದು ನಾಯಿಗೆ ನಮ್ಮಂತೆಯೇ ಅರ್ಥವಾಗುತ್ತದೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಅಜ್ಜಿಗೆ ಆ ಸಾಬೀತು ಬೇಕಾಗಿರಲಿಲ್ಲವೆಂದು ತೋರುತ್ತದೆ.

ನಿಮ್ಮದು ಕಾಡಂಚಿನ ಊರಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಗೌರಿಯ ಮಮತೆಯನ್ನು ನಂಬಿ ನಾಳೆ ಜಿಂಕೆಮರಿಯನ್ನು ಮನೆಗೆ ತರಬೇಡಿ. ತಾಯಿಜಿಂಕೆ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುವುದುಂಟು, ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮರಿ ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ಗೌರಿಯನ್ನು ಮನೆಯೊಳಗೇ ಇರಿಸಿಕೊಳ್ಳಿ.