ಆದಿ ಸಸ್ತನಿಗಳನ್ನು ಬಿಡಿಸಿದರೆ ಎಲ್ಲವೂ ಇಲಿಯಂತೆಯೇ ಕಾಣುತ್ತವೆ. ಯಾವ ಪೆನ್ಸಿಲ್ ಕೊಳ್ಳಲಿ?

ಪೆನ್ಸಿಲ್ ಬದಲಿಸಬೇಡಿ. ಒಂದು ಎಚ್‌ಬಿ, ಒಂದು 2ಬಿ ಸಾಕು. ಡೈನೊಸಾರ್ ಕಾಲದ ಸಸ್ತನಿ ರೆಪೆನೊಮಾಮಸ್‌ನ ನನ್ನ ಚಿತ್ರ ಕೆಟ್ಟದ್ದು ಕಣ್ಣಿನಲ್ಲಿ, ನಿಮ್ಮದೂ ಬಹುಶಃ ಅಲ್ಲೇ ಕೆಡುತ್ತಿದೆ.

ತಲೆಬುರುಡೆಯ ಪಕ್ಕದಲ್ಲಿ ದೊಡ್ಡದೊಂದು ತೆರವು ಕಾಣುತ್ತದಲ್ಲ, ಅದಷ್ಟಕ್ಕೂ ನಾನು ಕಣ್ಣುಗುಡ್ಡೆ ತುಂಬಿಸಿದ್ದೆ. ಮರಿ ಡೈನೊಸಾರ್ ತಿನ್ನುತ್ತಿದ್ದ ಪ್ರಾಣಿಗೆ ಬೆದರಿದ ಇಲಿಮರಿಯ ಮುಖ ಬಂತು. ಮನುಷ್ಯರಲ್ಲಿ ಕಣ್ಣುಗೂಡಿನ ಹಿಂದೆ ಎಲುಬಿನ ಗೋಡೆ ಇದೆ. ಇವುಗಳಲ್ಲಿ ಅದಿಲ್ಲ, ಕಣ್ಣುಗೂಡೂ ಕಣತಲೆಯ ಕುಳಿಯೂ ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಕಣ್ಣು ಕೂರುವುದು ಮುಂಭಾಗದಲ್ಲಿ ಮಾತ್ರ. ಹಿಂದಿನದೆಲ್ಲ ದವಡೆಯ ಸ್ನಾಯುವಿಗೆ ಸೇರಿದ ಜಾಗ. ಅದು ನೆತ್ತಿಯಿಂದ ಇಳಿದು, ಕೆನ್ನೆಮೂಳೆಯ ಕಮಾನಿನ ಒಳಗೆ ಹಾದು, ಕೆಳದವಡೆಯಲ್ಲಿ ಮೇಲಕ್ಕೆ ಚಾಚಿದ ಎಲುಬಿಗೆ ಅಂಟುತ್ತದೆ. ಇನ್ನೊಂದು ಸ್ನಾಯು ಕಮಾನಿನ ಹೊರಬದಿಯಿಂದ ದವಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಎರಡನ್ನೂ ತುಂಬಿದ ಮೇಲೆಯೇ ಕಣ್ಣು ಬರೆಯಿರಿ, ಆಗ ಅದರ ಗಾತ್ರ ತಾನಾಗಿ ಸರಿಹೋಗುತ್ತದೆ.

ಮೂರು ಹಾಳೆ ಬಳಸಿ. ಮೊದಲನೆಯದರಲ್ಲಿ ಎಚ್‌ಬಿಯಿಂದ ಅಸ್ಥಿಪಂಜರ, ನೇರ ಪಕ್ಕನೋಟದಲ್ಲಿ. ಓರೆಯಾಗಿ ತೆಗೆದ ಫೋಟೋದಲ್ಲಿ ಕ್ಯಾಮೆರಾಗೆ ಹತ್ತಿರವಾದ ತಲೆ ಹಿಗ್ಗಿರುತ್ತದೆ, ಅದನ್ನು ನಕಲು ಮಾಡಬೇಡಿ. ಬಂಡೆಯಲ್ಲಿ ಅಪ್ಪಚ್ಚಿಯಾದ ಪಳೆಯುಳಿಕೆಯಾದರೆ ಪಕ್ಕೆಲುಬುಗಳ ಹರವನ್ನೂ ನಂಬಬೇಡಿ. ತಲೆಬುರುಡೆಯ ಉದ್ದವನ್ನೇ ಅಳತೆಗೋಲಾಗಿಟ್ಟುಕೊಂಡು ಮುಂಡ, ಕಾಲು, ಬಾಲ ಎಷ್ಟೆಷ್ಟು ತಲೆಯುದ್ದ ಎಂದು ಗುರುತು ಹಾಕಿ. ಅದರ ಮೇಲೆ ಟ್ರೇಸಿಂಗ್ ಹಾಳೆ, ಸ್ನಾಯುಗಳಿಗೆ. ರೆಪೆನೊಮಾಮಸ್‌ನ ಮೊಣಕೈ ಹೊರಕ್ಕೆ ಚಾಚಿರಲಿ. ನಾಯಿಯ ಹಾಗೆ ನೆಟ್ಟಗೆ ನಿಲ್ಲಿಸಬಾರದು.

ತುಪ್ಪಳ ಮೂರನೆಯ ಹಾಳೆಗೆ. ಒಂದೊಂದೇ ಕೂದಲು ಎಳೆಯುತ್ತ ಹೋದರೆ ಒಳಗಿನ ಆಕಾರ ಚಪ್ಪಟೆಯಾಗುತ್ತದೆ. ಮೊದಲು 2ಬಿಯ ಬದಿಯಿಂದ ನೆರಳು ಕೊಡಿ. ಆಮೇಲೆ ಹೊರರೇಖೆಯನ್ನು ಹಿಂಗತ್ತು, ಮೊಣಕೈ, ಹೊಟ್ಟೆಯ ಅಡಿಯಲ್ಲಿ ಮಾತ್ರ ಗಿಡ್ಡ ಗೀರುಗಳಿಂದ ಒಡೆಯಿರಿ. ಮೊಣಕಾಲಿನ ಬಹುಭಾಗ ಪಕ್ಕೆಯ ಚರ್ಮದಲ್ಲಿ ಮುಚ್ಚಿಹೋಗಲಿ.

ಇನ್ನು, ಅವೆಲ್ಲ ಇಲಿಯಂತೆಯೇ ಇದ್ದವು ಎಂಬ ಅನಿಸಿಕೆಯನ್ನು ನಾನು ಒಪ್ಪುವುದಿಲ್ಲ. 2006ರಲ್ಲಿ ವಿವರ ಪ್ರಕಟವಾದ ಚೀನಾದ ಕ್ಯಾಸ್ಟೊರೊಕಾಡಾ ಸಸ್ತನಿಗಳ ಹತ್ತಿರದ ಬಂಧು, ಸುಮಾರು 16.4 ಕೋಟಿ ವರ್ಷ ಹಳೆಯದು. ತುಪ್ಪಳದ ಜೊತೆಗೆ ಬೀವರ್‌ನಂಥ ಚಪ್ಪಟೆ, ಹುರುಪೆಯ ಬಾಲದ ಅಚ್ಚೂ ಉಳಿದಿದೆ. ಸ್ಪೇನಿನ ಸ್ಪೈನೊಲೆಸ್ಟಿಸ್ ಎಂಬ ಆದಿ ಸಸ್ತನಿಯ ಪಳೆಯುಳಿಕೆಯಲ್ಲಿ ಬೆನ್ನಿನ ಪುಟ್ಟ ಮುಳ್ಳುಗಳ ಜೊತೆ ಹೊರಕಿವಿಯೂ ಸಿಕ್ಕಿದೆ. ಕಿವಿ ಬರೆಯುವಾಗ ಇಲಿಯದನ್ನು ಬಿಟ್ಟು ಅದನ್ನು ನೋಡಿಕೊಳ್ಳಿ.